ತರಗತಿಯ ಹತೋಟಿ
(ಚಂದಾಪುರದಲ್ಲಿ ಉಪಾಧ್ಯಾಯರಿಗಾಗಿ ಮಾಡಿದ ಭಾಷಣ)



ಗದ್ದಲವಿಲ್ಲದ ತರಗತಿಯೇ ಒಳ್ಳೆಯ ತರಗತಿಯೆಂದು ನಮ್ಮಲ್ಲಿ ಅನೇಕರ ತಿಳಿವಳಿಕೆ. ಈ ಮಾತನ್ನು ಸ್ವಲ್ಪ ವಿಚಾರಿಸಿ ನೋಡಬೇಕು. ಚಂದಾಪುರದ ಸುತ್ತಣ ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಗಳ ಕಾರ್ಖಾನೆಗಳಿಗೆ ದುಡಿಯಲು ಬಂದವರ ಮಕ್ಕಳಲ್ಲಿ ಅನೇಕರ ಮನೆಮಾತು ತಮಿಳು, ತೆಲುಗು ಅಥವಾ ಹಿಂದಿ. ಹಿಂದಿನ ಸಾಲಿನಲ್ಲಿ ತೆಪ್ಪಗೆ ಕುಳಿತ ಮಗುವಿಗೆ ನಿಮ್ಮ ಮಾತೇ ತಿಳಿಯದಿರಬಹುದು. ಅದನ್ನು ವಿಧೇಯತೆಯೆಂದು ಬಗೆದು ಬಿಟ್ಟರೆ, ಆ ಮಗು ಒಂದು ದಿನ ಸದ್ದಿಲ್ಲದೆ ಶಾಲೆಯನ್ನೇ ಬಿಟ್ಟೀತು.

ಇನ್ನು ಗದ್ದಲದ ವಿಷಯ. ಬೇಗ ಲೆಕ್ಕ ಮುಗಿಸಿದ ಹುಡುಗ ಪಕ್ಕದವನನ್ನು ಚಿವುಟುತ್ತಾನೆ. ಲೆಕ್ಕ ತಿಳಿಯದವನು ಕಿಟಕಿಯತ್ತ ನೋಡುತ್ತಾನೆ. ಇಬ್ಬರ ಕೈಯಲ್ಲಿಯೂ ಕೆಲಸವಿಲ್ಲ.

ಇದಕ್ಕೆ ನಮ್ಮ ನಾಡಿನ ಉಪಾಧ್ಯಾಯರೇ ದಾರಿ ತೋರಿದ್ದಾರೆ. ಆಂಧ್ರದ ರಿಷಿ ವ್ಯಾಲಿಯ ಪ್ರಯೋಗವನ್ನು ನೋಡಿ ಬಂದವರು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ‘ನಲಿ-ಕಲಿ’ಯನ್ನು ಆರಂಭಿಸಿದರು. ಪಾಠವನ್ನು ಸಣ್ಣ ಮೆಟ್ಟಿಲುಗಳಾಗಿ ಒಡೆದು, ಮೆಟ್ಟಿಲಿಗೆ ತಕ್ಕ ಕಾರ್ಡುಗಳನ್ನು ಮಾಡಿ, ಕಲಿಕಾ ಏಣಿಯನ್ನು ಗೋಡೆಗೆ ತೂಗುಹಾಕಿದರು. ಕೆಲವು ಮಕ್ಕಳು ಉಪಾಧ್ಯಾಯರೊಡನೆ, ಕೆಲವರು ಗೆಳೆಯರೊಡನೆ, ಕೆಲವರು ತಾವೇ ಕಲಿಯುತ್ತಾರೆ. ನಾಲ್ಕು ದಿನ ಬಾರದ ಮಗುವೂ ಬಿಟ್ಟಲ್ಲಿಂದ ಮುಂದುವರಿಯುತ್ತದೆ.

ಮೇಲಿನ ತರಗತಿಗಳಲ್ಲಿಯೂ ಈ ಕ್ರಮವನ್ನು ಅನುಸರಿಸಬಹುದು:

1. ಗಂಟೆ ಹೊಡೆಯುವ ಮುಂಚೆಯೇ ಮೊದಲ ಕೆಲಸವನ್ನು ಹಲಗೆಯ ಮೇಲೆ ಬರೆದಿಡಿ.
2. ಮಕ್ಕಳನ್ನು ಮೂರು ಗುಂಪು ಮಾಡಿ. ಹಿಂದುಳಿದವರ ಬಳಿ ನೀವು ಕುಳಿತುಕೊಳ್ಳಿ.
3. ಹೊಸ ಮಗುವನ್ನು ಅದರ ಮಾತನ್ನೂ ಕನ್ನಡವನ್ನೂ ಬಲ್ಲ ಗೆಳೆಯನ ಪಕ್ಕದಲ್ಲಿ ಕೂರಿಸಿ.
4. ತುಂಟತನ ಕಂಡರೆ ದೂರದಿಂದ ಗದರಬೇಡಿ. ಹತ್ತಿರ ಹೋಗಿ ಮೆಲ್ಲಗೆ ಹೇಳಿ.

ಬೆತ್ತದ ಮಾತು ಬೇಡ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ಹೊಡೆಯುವುದನ್ನೂ ಮಗುವಿನ ಮನಸ್ಸಿಗೆ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. ಪೆಟ್ಟಿಗೆ ಹೆದರಿದ ಮಗು ತಿಳಿಯದ್ದನ್ನು ಕೇಳಲೂ ಹೆದರುತ್ತದೆ.

ಗ್ರಾಮಸ್ಥರೂ ಕೈಗೂಡಿಸಬೇಕು. ಒಂದರಿಂದ ಐದನೆಯ ತರಗತಿಯವರೆಗೆ 60 ಮಕ್ಕಳಿದ್ದಲ್ಲಿ 2 ಉಪಾಧ್ಯಾಯರಾದರೂ ಇರಬೇಕೆಂದು ಅದೇ ಕಾಯಿದೆ ವಿಧಿಸಿದೆ. ಕೊರತೆಯಿದ್ದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ಪ್ರಸ್ತಾಪಿಸಿ. ಒಬ್ಬರೇ ಉಪಾಧ್ಯಾಯರ ಮೇಲೆ ಎಲ್ಲ ಭಾರವನ್ನೂ ಹೊರಿಸಿ ಹತೋಟಿಯಿಲ್ಲವೆಂದು ದೂರುವುದು ನ್ಯಾಯವಲ್ಲ.

ಉಪಾಧ್ಯಾಯ ಮಿತ್ರರೇ, ನಾಳೆ ತರಗತಿಗೆ ಹೋದಾಗ, ಎಲ್ಲರಿಗಿಂತ ಮೌನವಾಗಿರುವ ಮಗುವಿನ ಪಕ್ಕದಲ್ಲಿ ಮೊದಲು ಕುಳಿತುಕೊಳ್ಳಿ. ಅದರ ಹೆಸರು ಹಿಡಿದು ಮಾತನಾಡಿಸಿ.