ತಂತಿಯ ಕಟ್ಟಿನಲ್ಲಿ ಕಲ್ಲಿನ ಪದಕ

ಹಳೆಯ ಉಂಗುರದಿಂದ ಕಳಚಿದ ಕಲ್ಲು, ಜೊತೆ ತಪ್ಪಿದ ಓಲೆಯ ಹರಳು, ಇಂಥವು ಅನೇಕರ ಬೀರುವಿನಲ್ಲಿ ಪುಟ್ಟ ಡಬ್ಬಿಯೊಳಗೆ ಬಿದ್ದಿರುತ್ತವೆ. ಮತ್ತೆ ಕಟ್ಟಿಸೋಣವೆಂದರೆ ಚಿನ್ನದ ಲೆಕ್ಕ ಎದುರಾಗುತ್ತದೆ. ಬೆಸುಗೆಯಿಲ್ಲದೆ, ಅಂಟಿಲ್ಲದೆ, ಕಲ್ಲಿಗೆ ತೂತನ್ನೂ ಕೊರೆಯದೆ, ಬರೀ ತಂತಿ ಸುತ್ತಿ ಪದಕ ಮಾಡುವ ಕೆಲಸವೊಂದಿದೆ. ಈ ದಿನ ಅದರ ವಿಚಾರ.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ನಮ್ಮ ಚಿಕ್ಕಮ್ಮ ತಮ್ಮ ತಾಯಿಯ ಉಂಗುರದ ಕೆಂಪು ಕಲ್ಲನ್ನು ಕೊಟ್ಟು, "ತೂತು ಮಾತ್ರ ಹಾಕಬೇಡ ಕಣೇ" ಎಂದಿದ್ದರು. ನಾನು ಕೂದಲೆಳೆಯಂಥ ತಂತಿಯಲ್ಲಿ ಬಳ್ಳಿ, ಸುರುಳಿ ಎಲ್ಲ ಬಿಡಿಸಿ ಅಂದವಾಗಿಯೇ ಕಟ್ಟಿಕೊಟ್ಟೆ. ಒಂದು ಮದುವೆಮನೆಯಲ್ಲಿ ಊಟ ಮುಗಿಸಿ ಎದ್ದಾಗ ಅವರ ಕೊರಳಲ್ಲಿ ತಂತಿ ಇತ್ತು, ಕಲ್ಲು ಇರಲಿಲ್ಲ. ಎಲೆ ತೆಗೆಯುವವರನ್ನು ನಿಲ್ಲಿಸಿ ಹುಡುಕಿದೆವು, ಸಿಗಲಿಲ್ಲ. ಚಿಕ್ಕಮ್ಮ ಏನೂ ಅನ್ನಲಿಲ್ಲ. ಖಾಲಿ ತಂತಿಯನ್ನು ಬಿಚ್ಚಿ ನನ್ನ ಕೈಗಿಟ್ಟರು. ಮನೆಗೆ ತಂದು ನೋಡಿದರೆ ಅಲಂಕಾರವೆಲ್ಲ ಮುಂದೆಯೇ. ಹಿಂದುಗಡೆ ಕಲ್ಲನ್ನು ಹಿಡಿಯಲು ಸಡಿಲವಾದ ಒಂದೇ ಎಳೆ.

ಕಲ್ಲನ್ನು ಹೊರುವ ತಂತಿ 0.8 ಮಿಲಿಮೀಟರ್ ದಪ್ಪವಿರಲಿ. ಅದನ್ನು ಬಿಗಿಯುವ ತಂತಿ 0.4 ಸಾಕು. ಅಂಗಡಿಯಲ್ಲಿ ಗೇಜ್ ಲೆಕ್ಕ ಹೇಳುತ್ತಾರೆ. ಗೇಜ್ ಸಂಖ್ಯೆ ಹೆಚ್ಚಿದಷ್ಟೂ ತಂತಿ ಸಣ್ಣ. ಅದರಲ್ಲೂ ಅಮೆರಿಕದ 20 ಗೇಜ್ ಸುಮಾರು 0.8 ಮಿಲಿಮೀಟರಾದರೆ ಬ್ರಿಟಿಷರ 20 ಗೇಜ್ ಸುಮಾರು 0.9. ಆದ್ದರಿಂದ ಮಿಲಿಮೀಟರಿನಲ್ಲೇ ಕೇಳಿ. ಕೈ ಕುದುರುವ ತನಕ ಬೆಳ್ಳಿ ಬೇಡ, ತಾಮ್ರ ಸಾಕು. ತಾಮ್ರವನ್ನು ಒಂದೇ ಕಡೆ ಮತ್ತೆ ಮತ್ತೆ ಬಗ್ಗಿಸಿದರೆ ಗಡುಸಾಗಿ ಮುರಿಯುತ್ತದೆ. ತಪ್ಪಿದ ತುಂಡನ್ನು ಬಿಟ್ಟು ಹೊಸದನ್ನು ಕತ್ತರಿಸಿಕೊಳ್ಳಿ. ಚಪ್ಪಟೆ ಮೂತಿಯದೊಂದು, ದುಂಡು ಮೂತಿಯದೊಂದು ಇಕ್ಕಳ, ಒಂದು ಕಟರ್, ಇಷ್ಟೇ ಸಲಕರಣೆ. ಕತ್ತರಿಸುವಾಗ ತುಂಡು ಕಣ್ಣಿಗೆ ಸಿಡಿಯದಂತೆ ತುದಿಯನ್ನು ಬೆರಳಿನಿಂದ ಹಿಡಿದಿರಬೇಕು.

ಅಭ್ಯಾಸಕ್ಕೆ ಚಪ್ಪಟೆ ತಳದ, ಉಬ್ಬು ಬೆನ್ನಿನ ಅಗೇಟ್ ಕಲ್ಲು ಒಳ್ಳೆಯದು. ಗುಜರಾತಿನ ಖಂಭಾತ್‌ನಲ್ಲಿ ಇದನ್ನು ನಯಗೊಳಿಸುವ ಕಸುಬು ಶತಮಾನಗಳಿಂದ ಬಂದದ್ದು. ಇಕ್ಕಳ ತಾಗಿದರೂ ಸುಲಭಕ್ಕೆ ಗೀರು ಬೀಳದಷ್ಟು ಗಟ್ಟಿ ಕಲ್ಲು.

ಕಲ್ಲಿನ ಸುತ್ತಳತೆಯನ್ನು ದಾರದಿಂದ ಅಳೆದು, ಅದಕ್ಕಿಂತ ಹನ್ನೆರಡು ಸೆಂಟಿಮೀಟರ್ ಉದ್ದವಾಗಿ ದಪ್ಪ ತಂತಿಯ ಮೂರು ತುಂಡು ಕತ್ತರಿಸಿ. ಮೂರನ್ನೂ ಚಾಪೆಯ ಕಡ್ಡಿಗಳಂತೆ ಪಕ್ಕಪಕ್ಕದಲ್ಲಿಟ್ಟು, ಸಣ್ಣ ತಂತಿಯಿಂದ ನಡುವೆ ಐದಾರು ಸುತ್ತು ಬಿಗಿಯಿರಿ. ಎಡಬಲಕ್ಕೂ ಒಂದೊಂದು ಕಟ್ಟು ಹಾಕಿ. ಈ ಪಟ್ಟಿಯನ್ನು ಕಲ್ಲಿನ ಅಂಚಿಗೆ ಬಳಸಿ ತಂದು ಮೇಲೆ ಆರೂ ತುದಿಗಳನ್ನು ಸೇರಿಸಿ ಕಟ್ಟಿ. ಈಗ ಕಲ್ಲು ನಿಂತಿದೆ, ಆದರೆ ಹಿಡಿತ ಬಂದಿಲ್ಲ. ಕಟ್ಟುಗಳ ನಡುವೆ ಮುಂದಿನ ತಂತಿಯನ್ನು ನಾಲ್ಕು ಕಡೆ ಕಲ್ಲಿನ ಮುಖದ ಮೇಲಕ್ಕೆ ಸ್ವಲ್ಪ ಎಳೆಯಿರಿ. ಹಿಂದಿನ ತಂತಿಯನ್ನೂ ಹಾಗೆಯೇ ನಾಲ್ಕು ಕಡೆ ಬೆನ್ನಿನ ಮೇಲಕ್ಕೆ ತನ್ನಿ. ನಡುವಿನದು ಅಂಚಿನಲ್ಲೇ ಇರಲಿ. ಮೇಲಿನ ಎರಡು ತುದಿಗಳಿಂದ ಸರ ಪೋಣಿಸುವ ಕೊಂಡಿ ಮಾಡಿ. ಬಳ್ಳಿ, ಸುರುಳಿ ಏನಿದ್ದರೂ ಉಳಿದ ನಾಲ್ಕರಲ್ಲಿ, ಇದೆಲ್ಲ ಆದ ಮೇಲೆ. ಚೂಪಾದ ತುದಿಗಳನ್ನು ಉಪ್ಪುಕಾಗದದಿಂದ ಉಜ್ಜದಿದ್ದರೆ ಸೀರೆಯ ಎಳೆ ಕೀಳುತ್ತದೆ.

ಮುಗಿದ ಪದಕವನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿ. ಟಿಕ್ ಎಂದು ಸದ್ದಾದರೆ ಕೊಡಬೇಡಿ. ಹಿಂದಿನಿಂದಲೂ ಮುಂದಿನಿಂದಲೂ ಹೆಬ್ಬೆರಳಿನಿಂದ ಒತ್ತಿ ನೋಡಿ. ನಾನಂತೂ ಒಂದು ವಾರ ನನ್ನ ಕೊರಳಲ್ಲೇ ಹಾಕಿಕೊಂಡು ಅಡುಗೆ, ಕಸ ಎಲ್ಲ ಮಾಡಿ ಆಮೇಲೆ ಕೊಡುತ್ತೇನೆ. ಚಿಕ್ಕಮ್ಮನ ಖಾಲಿ ತಂತಿ ಈಗಲೂ ಇಕ್ಕಳದ ಡಬ್ಬಿಯಲ್ಲೇ ಇದೆ.

ತಾಮ್ರ ಕಪ್ಪಾದರೆ ಹುಣಸೆಹಣ್ಣಿನ ನೀರಿನಲ್ಲಿ ಉಜ್ಜಿ ತೊಳೆದರೆ ಹೊಳಪು ಬರುತ್ತದೆ. ಮುತ್ತು, ಹವಳ ಕಟ್ಟಿದ್ದಾದರೆ ಹುಣಸೆ ಬೇಡ. ಹುಳಿಗೆ ಅವು ಸವೆಯುತ್ತವೆ. ಅವಕ್ಕೆ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.