ಬೇಸಿಗೆಯ ಬುಟ್ಟಿ ಮತ್ತು ಅದರ ಪಾಲುದಾರರು

(ಉಪನ್ಯಾಸದ ಬರಹರೂಪ)



ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿಗೆ ಹೆಸರಿನಲ್ಲಿಯೇ ಕೆರೆಯಿದೆ. ಊರಿನ ಸಮೀಪದಲ್ಲಿಯೇ ಶಾಂತಿಸಾಗರ, ಜನರ ಬಾಯಲ್ಲಿ ಸೂಳೆಕೆರೆ. ಎರಡು ಗುಡ್ಡಗಳ ನಡುವಣ ಕಂಡಿಗೆ ಏರಿ ಹಾಕಿ ಹರಿದ್ರಾ ಹಳ್ಳವನ್ನು ನಿಲ್ಲಿಸಿದ ಈ ಕೆರೆಯನ್ನು ಶಾಂತವ್ವೆಯೆಂಬ ರಾಜಕುಮಾರಿ ಕಟ್ಟಿಸಿದಳೆಂದು ಐತಿಹ್ಯ. ಏಷ್ಯಾದ ದೊಡ್ಡ ಕೆರೆಗಳಲ್ಲೊಂದೆಂದು ಇದನ್ನು ಹೊಗಳುವುದು ವಾಡಿಕೆ. ಆದರೆ 2023ರ ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದ ಮೇಲೆ, ಮುಂದಿನ ಬೇಸಿಗೆಯಲ್ಲಿ ಇದೇ ತಾಲ್ಲೂಕಿನ ಅಡಿಕೆ ತೋಟಗಳಿಗೆ ಟ್ಯಾಂಕರುಗಳಲ್ಲಿ ನೀರು ಹೊಯ್ಯಬೇಕಾಯಿತು. ಕೆರೆಯ ಹೊಗಳಿಕೆ ಬೇರೆ, ಕೊಳವೆಬಾವಿಯ ಆಳ ಬೇರೆ.

ಇಂಥ ಸೀಮೆಯಲ್ಲಿ ಹತ್ತು ಗುಂಟೆಯ ಹಣ್ಣು-ತರಕಾರಿ ತೋಟವೊಂದು ಬೇಸಿಗೆಯನ್ನು ದಾಟುವುದು ಹೇಗೆ, ಆ ಬೇಸಿಗೆಯ ನಷ್ಟವನ್ನು ಹೊರಬೇಕಾದವರು ಯಾರು ಎಂಬುದು ಇಲ್ಲಿನ ವಿಷಯ.

ಸಮುದಾಯ ಬೆಂಬಲಿತ ಕೃಷಿ ಎಂಬ ಹೆಸರು ಉದ್ದವಾಗಿದ್ದರೂ ವ್ಯವಸ್ಥೆ ಸರಳವಾದುದು. ಉಣ್ಣುವ ಮನೆಗಳು ಹಂಗಾಮಿನ ಮೊದಲೇ ಹಣ ಕೊಟ್ಟು ತೋಟದ ಬೆಳೆಯಲ್ಲಿ ಪಾಲು ಹಿಡಿಯುತ್ತವೆ. ವಾರಕ್ಕೊಮ್ಮೆ ಬುಟ್ಟಿ ಪಡೆಯುತ್ತವೆ. ಬೆಳೆ ಹೆಚ್ಚಿದರೆ ಬುಟ್ಟಿ ತುಂಬುತ್ತದೆ, ಕಡಿಮೆಯಾದರೆ ತಗ್ಗುತ್ತದೆ. ಜಪಾನಿನಲ್ಲಿ 1970ರ ದಶಕದಲ್ಲಿ ಕೀಟನಾಶಕದ ಶೇಷಕ್ಕೆ ಹೆದರಿದ ಗೃಹಿಣಿಯರು ರೈತರೊಡನೆ ನೇರವಾಗಿ ಮಾಡಿಕೊಂಡ ‘ತೇಯ್ಕೇ’ ಒಪ್ಪಂದಗಳು ಇದರ ಒಂದು ಮೂಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಇಂಡಿಯನ್ ಲೈನ್ ತೋಟದಲ್ಲಿ ರಾಬಿನ್ ವ್ಯಾನ್ ಎನ್ ಮತ್ತು ಸಂಗಡಿಗರು 1985ರಲ್ಲಿ ಮೊದಲು ಹಂಚಿದ್ದು ತರಕಾರಿಯನ್ನಲ್ಲ, ಸೇಬಿನ ಪಾಲನ್ನು. ಇದು ಮಾವಿನವರು ಗಮನಿಸಬೇಕಾದ ಸಂಗತಿ. ಒಂದು ವರ್ಷ ಕೊಂಬೆ ಬಾಗುವಷ್ಟು ಬಿಟ್ಟು ಮರುವರ್ಷ ಮುನಿಸಿಕೊಳ್ಳುವ ಮಾವಿನ ಮರಕ್ಕೆ ಕಿಲೋ ಲೆಕ್ಕದ ವ್ಯಾಪಾರಕ್ಕಿಂತ ಪಾಲಿನ ಲೆಕ್ಕ ಹೆಚ್ಚು ಹೊಂದುತ್ತದೆ.

ಇನ್ನು ಏಪ್ರಿಲ್ ತಿಂಗಳ ಒಂದು ದಿನವನ್ನು ನೋಡಬಹುದು. ತೋಟದಾಕೆ ಏಳುವುದು ಕೋಳಿಯ ಕೂಗಿಗಲ್ಲ, ಮೋಟರಿಗೆ ತ್ರೀಫೇಸ್ ಕರೆಂಟು ಬರುವ ಹೊತ್ತಿಗೆ; ಅದು ಎಷ್ಟೋ ವೇಳೆ ನಡುರಾತ್ರಿ. ಬೆಳಕು ಹರಿಯುವ ಮುನ್ನ ಕೊಯ್ಲು ಮುಗಿಯಬೇಕು. ಬೆಳಗಿನ ಜಾವದ ಸೊಪ್ಪಿನಲ್ಲಿ ರಾತ್ರಿಯ ತಂಪೂ ನೀರೂ ಉಳಿದಿರುತ್ತವೆ; ಹತ್ತು ಗಂಟೆಗೆ ಕಿತ್ತ ಹರಿವೆ ಬುಟ್ಟಿ ಸೇರುವುದರೊಳಗೆ ತಲೆ ಬಾಗಿಸುತ್ತದೆ. ಕಿತ್ತದ್ದನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಮಾವಿನ ನೆರಳಿಗೆ ಇಡುತ್ತಾರೆ.

ಅಷ್ಟರಲ್ಲಿ ಸಿಹಿಗುಂಬಳದ ಹೂವು ಅರಳಿರುತ್ತದೆ. ಅದರ ಆಯುಸ್ಸು ಒಂದೇ ಮುಂಜಾನೆ. ಜೇನು ಕಾಣದಿದ್ದರೆ ಗಂಡುಹೂವನ್ನು ಕಿತ್ತು, ಎಸಳು ಬಿಡಿಸಿ, ಹೆಣ್ಣುಹೂವಿನ ತುದಿಗೆ ಸವರಬೇಕು. ಹೀರೆಯದು ತಿರುಗು ಮುರುಗು. ಅದು ಅರಳುವುದು ಸಂಜೆಗೆ. ಆದುದರಿಂದ ಎರಡೂ ಇರುವ ತೋಟದಲ್ಲಿ ಕಷಾಯ ಸಿಂಪಡಿಸುವವರು ಬೇವಿನದೇ ಆದರೂ ಹೊತ್ತು ನೋಡಿಯೇ ಕೈಯಿಡಬೇಕು. ವಿದ್ಯಾರ್ಥಿಗಳು ಒಂದು ದಿನ ನಸುಕಿನಿಂದ ಮುಸ್ಸಂಜೆಯವರೆಗೆ ಚಪ್ಪರದ ಕೆಳಗೆ ಕುಳಿತು ಯಾವ ಬಳ್ಳಿಗೆ ಯಾವ ಹುಳು ಬಂತೆಂದು ಬರೆದರೆ ಅದು ಪುಸ್ತಕದ ಪಾಠಕ್ಕಿಂತ ಮಿಗಿಲು.

ಹಾಗಲ, ಪಡವಲಗಳ ಚಪ್ಪರದಡಿ ಉದುರಿದ ಕಾಯಿ ಆಯುವುದು ಮುಂದಿನ ಕೆಲಸ. ಇದನ್ನು ಬಹಳ ಮಂದಿ ಕಸ ಗುಡಿಸಿದಂತೆ ತಿಳಿಯುತ್ತಾರೆ. ಹಣ್ಣುನೊಣ ಸಿಪ್ಪೆಯೊಳಗೆ ಮೊಟ್ಟೆಯಿಡುತ್ತದೆ. ಹುಳು ಕಾಯಿಯನ್ನು ತಿಂದು ಮಣ್ಣಿಗಿಳಿದು ಕೋಶವಾಗುತ್ತದೆ. ಮತ್ತೆ ನೊಣವಾಗಿ ಏಳುತ್ತದೆ. ಉದುರಿದ ಕಾಯಿಯನ್ನು ತಿಪ್ಪೆಗೆ ಎಸೆದವನು ನೊಣವನ್ನು ಸಾಕಿದಂತೆ. ಆಳವಾಗಿ ಹೂಳಬೇಕು, ಇಲ್ಲವೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಬಿಸಿಲಿಗಿಡಬೇಕು. ಗಂಡುನೊಣಗಳನ್ನು ಸೆಳೆಯುವ ಬಲೆಗಳಿವೆ. ಆದರೆ ಮಾವಿನ ನೊಣದ ಬಲೆ ಹಾಗಲದ ನೊಣಕ್ಕೆ ಆಗುವುದಿಲ್ಲ, ಆಮಿಷ ಬೇರೆ.

ಹನ್ನೊಂದರ ಮೇಲೆ ಮನುಷ್ಯರಿಗೆ ಕೆಲಸವಿಲ್ಲ, ಗಿಡಕ್ಕುಂಟು. ಹಗಲು 35 ಡಿಗ್ರಿ ಮೀರಿ ರಾತ್ರಿಯೂ ಕಾವು ಇಳಿಯದಿದ್ದರೆ ಟೊಮೆಟೊ ಹೂವಿನ ಪರಾಗ ಸತ್ವಗುಂದಿ ಹೂ ಉದುರುತ್ತದೆ. ಕೊತ್ತಂಬರಿ ಎಲೆಯಾಗುವ ಮೊದಲೇ ಹೂವಿಗೆ ಓಡುತ್ತದೆ. ಬೆಂಡೆ, ಬದನೆ, ಅಲಸಂದೆ, ಬಸಳೆ ತಾಳಿಕೊಳ್ಳುತ್ತವೆ. ಬೇಸಿಗೆಯ ಬುಟ್ಟಿಯಲ್ಲಿ ಏನಿರಬೇಕೆಂಬುದನ್ನು ಬಿಸಿಲು ನಿರ್ಣಯಿಸುತ್ತದೆ. ಪೇಟೆಯ ಪಾಲುದಾರರಿಗೆ ಇದನ್ನು ಮೊದಲೇ ತಿಳಿಸದಿದ್ದರೆ ಮೂರನೆಯ ವಾರಕ್ಕೆ “ಏನಕ್ಕಾ, ಮತ್ತೆ ಕುಂಬಳಕಾಯೇ?” ಎಂಬ ಪ್ರಶ್ನೆ ಬರುತ್ತದೆ. “ಸೊಪ್ಪು ಬಿಸಿಲಿಗೆ ಹೂವಿಗೆ ಹೋಯ್ತವ್ವಾ” ಎಂಬ ಉತ್ತರ ಸತ್ಯವಾದರೂ ತಡವಾದುದು.

ನೀರಿನ ಲೆಕ್ಕವನ್ನು ತುಸು ನಿಧಾನವಾಗಿ ನೋಡಬೇಕು. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ನೀರೆಂದರೆ ಸುಮಾರು 4,000 ಲೀಟರ್. ಕಡುಬೇಸಿಗೆಯಲ್ಲಿ ಮೈತುಂಬಿದ ತರಕಾರಿ ಬೆಳೆ ದಿನಕ್ಕೆ ಸುಮಾರು ಐದು ಮಿಲಿಮೀಟರ್ ಕುಡಿಯುತ್ತದೆಂದು ಹಿಡಿದರೆ ಎಕರೆಗೆ 20,000 ಲೀಟರ್, ಹತ್ತು ಗುಂಟೆಗೆ 5,000 ಲೀಟರ್: ಒಂದು ಟ್ಯಾಂಕರ್, ಒಂದೇ ದಿನಕ್ಕೆ. ಹನಿ ನೀರಾವರಿ, ಒಣಹುಲ್ಲು-ತರಗಿನ ಮುಚ್ಚಿಗೆ ಇದನ್ನು ಗಣನೀಯವಾಗಿ ತಗ್ಗಿಸುತ್ತವೆ, ಇಲ್ಲವಾಗಿಸುವುದಿಲ್ಲ. ಅಡಿಕೆಗೆ ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಎಂಬುದು ಶಿಫಾರಸು. ಎಕರೆಗೆ 550 ಮರಗಳಿದ್ದರೆ 9,000ದಿಂದ 11,000 ಲೀಟರ್.

ಅಂದರೆ ಅಳತೆಗೆ ಅಳತೆ ನೋಡಿದರೆ ತರಕಾರಿಯೇ ಹೆಚ್ಚು ಬಾಯಾರಿದ್ದು. ಪರಿಸರದ ಮಾತಾಡುವವರು ಇದನ್ನು ಮುಚ್ಚಿಡಬಾರದು. ವ್ಯತ್ಯಾಸವಿರುವುದು ಬೇರೆಡೆ. ಫೆಬ್ರವರಿಯಲ್ಲಿ ಬಾವಿಯ ನೀರು ಅಳೆದು, ಈ ಸಲ ಹತ್ತು ಗುಂಟೆ ಬೇಡ, ನಾಲ್ಕೇ ಸಾಕು ಎಂದು ತರಕಾರಿಯವಳು ತೀರ್ಮಾನಿಸಬಲ್ಲಳು. ಅಡಿಕೆಯವನಿಗೆ ಆ ಸ್ವಾತಂತ್ರ್ಯವಿಲ್ಲ. ಒಂದು ಬೇಸಿಗೆ ನೀರು ತಪ್ಪಿದರೆ ಐದಾರು ವರ್ಷ ಸಾಕಿದ ತೋಟವೇ ಹೋಗುತ್ತದೆ. ಆದ್ದರಿಂದಲೇ ಸಾಲ ಮಾಡಿಯಾದರೂ ಟ್ಯಾಂಕರ್ ತರಿಸುತ್ತಾನೆ. ಊರಿನ ಎಲ್ಲ ಹೊಲವೂ ಅಡಿಕೆಯಾದರೆ ಬರಗಾಲದಲ್ಲಿ ಹಿಂದೆ ಸರಿಯಲು ಯಾರಿಗೂ ಜಾಗವಿರುವುದಿಲ್ಲ.

ಪಾಲಿನ ಪದ್ಧತಿ ಈ ನಾಡಿಗೆ ಹೊಸದೇನಲ್ಲ. ಕಮ್ಮಾರ, ಬಡಗಿ, ತೂಬಿನ ನೀರು ಹಂಚುವ ನೀರಗಂಟಿ ಇವರಿಗೆ ಸುಗ್ಗಿಯ ಕಣದಲ್ಲಿಯೇ ಆಯ ಅಳೆದು ಕೊಡುತ್ತಿದ್ದರು. ರಾಶಿ ದೊಡ್ಡದಾದ ವರ್ಷ ಎಲ್ಲರಿಗೂ ಸುಭಿಕ್ಷ, ಸಣ್ಣದಾದರೆ ಎಲ್ಲರಿಗೂ ಕೊರತೆ. ಆದರೆ ಆಯ ಹುಟ್ಟಿಗೆ ಕಟ್ಟಿದ್ದು. ಬೇಡವೆನ್ನುವ ಹಕ್ಕು ಆಯಗಾರನಿಗಿರಲಿಲ್ಲ. ಹಳೆಯದನ್ನು ಹಾಡಿ ಹೊಗಳುವವರು ಇದನ್ನು ಮರೆಯುತ್ತಾರೆ. ಈಗಿನ ಪಾಲು ಒಪ್ಪಿ ಬರೆದುಕೊಳ್ಳುವಂಥದು, ಮುಂದಿನ ಹಂಗಾಮಿಗೆ ಬಿಡಬಹುದಾದುದು.

2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಬಂದಾಗ ಕಲ್ಲಂಗಡಿ ಹೊಲದಲ್ಲೇ ಕೊಳೆತದ್ದನ್ನು ಕರ್ನಾಟಕದವರು ಕಂಡಿದ್ದಾರೆ. ಅದೇ ವಾರಗಳಲ್ಲಿ ನಗರದವರು ತರಕಾರಿಗೆ ಪರದಾಡಿದರು. ಬೆಳೆದವನಿಗೂ ಉಣ್ಣುವವನಿಗೂ ಪರಿಚಯವಿದ್ದಲ್ಲಿ ಮಾತ್ರ ಫೋನು ಮಾಡಿ ಮನೆಬಾಗಿಲಿಗೆ ತಲುಪಿಸುವುದು ಸಾಧ್ಯವಾಯಿತು.

ಆರಂಭಿಸುವವರು ಎಷ್ಟು ಮನೆಗಳನ್ನು ಒಪ್ಪಿಕೊಳ್ಳಬೇಕು? ಒಬ್ಬರಿಗೆ ದಿನಕ್ಕೆ 400 ಗ್ರಾಂ ತರಕಾರಿ ಬೇಕೆಂದು ರಾಷ್ಟ್ರೀಯ ಪೋಷಣ ಸಂಸ್ಥೆಯ ಸಲಹೆ. ನಾಲ್ವರ ಮನೆಗೆ ವಾರಕ್ಕೆ 11 ಕಿಲೋ. ಹತ್ತು ಮನೆಗೆ 110 ಕಿಲೋ. ಬೇಸಿಗೆಯಲ್ಲಿ ಹತ್ತು ಗುಂಟೆಯಿಂದ ವಾರವಾರವೂ ಇಷ್ಟು ತೆಗೆಯುವುದು ನುರಿತ ಕೈಗೂ ಭಾರ. ಚನ್ನಗಿರಿಯ ನಾಲ್ಕು ಮನೆಗಳು ಸಾಕು. ಅವರಲ್ಲೊಬ್ಬರಾದರೂ ತಿಂಗಳಿಗೊಮ್ಮೆ ತೋಟಕ್ಕೆ ಬಂದು ಬಾವಿ ಇಣುಕಿ ನೋಡಲಿ. ಬಾವಿ ಕಂಡವರು ಬುಟ್ಟಿ ತೂಗುವುದಿಲ್ಲ.

ಸಂಜೆ ಬಿಸಿಲು ಇಳಿದ ಮೇಲೆ ಹೀರೆ ಹೂ ಬಿರಿಯುವ ಹೊತ್ತಿಗೆ ಆಕೆ ಮತ್ತೆ ಚಪ್ಪರದ ಕೆಳಗೆ ನಡೆಯುತ್ತಾಳೆ. ಚೆನ್ನಾಗಿ ಬಂದ ಎರಡು ಕಾಯಿಗೆ ಕೆಂಪು ದಾರ ಕಟ್ಟಿರುತ್ತಾಳೆ. ಅವು ಯಾರ ಬುಟ್ಟಿಗೂ ಹೋಗುವುದಿಲ್ಲ. ಬಳ್ಳಿಯಲ್ಲೇ ಒಣಗಿ, ಮುಂಗಾರಿಗೆ ಬೀಜವಾಗಬೇಕು.