ಮನೆಯ ಮಾತು, ತರಗತಿಯ ಮಾತು

ಹಲಗೂರಿನ ಕಡೆಯ ಹುಡುಗ ತನ್ನೂರನ್ನು ‘ಅಲಗೂರು’ ಎನ್ನುತ್ತಾನೆ. ಹಾಲನ್ನು ‘ಆಲು’ ಎನ್ನುತ್ತಾನೆ. ಮಳವಳ್ಳಿಯೋ ಮಂಡ್ಯವೋ ಮೈಸೂರೋ, ಕಾಲೇಜಿನ ತರಗತಿಯಲ್ಲಿ ಈ ಮಾತು ಕೇಳಿದೊಡನೆ ಕಿಸಕ್ಕನೆ ನಗೆಯೇಳುತ್ತದೆ. ಹುಡುಗ ಮತ್ತೆ ಬಾಯಿ ತೆರೆಯುವುದಿಲ್ಲ. ಆ ಮೌನವನ್ನು ದಡ್ಡತನವೆಂದು ಎಣಿಸುವುದು ನಮ್ಮಲ್ಲಿ ರೂಢಿಯಾಗಿದೆ.

ಈ ನಗೆಗೆ ಆಧಾರವುಂಟೆ? ಭಾಷೆಯ ಚರಿತ್ರೆಯನ್ನೇ ಕೇಳೋಣ. 10ನೆಯ ಶತಮಾನದ ಪಂಪನಿಗೆ ಹಾಲು ‘ಪಾಲ್’, ಹೋಗು ‘ಪೋಗು’. ಮುಂದೆ ಪಕಾರವು ಹಕಾರವಾಯಿತು. ಆ ಹಕಾರವೂ ಜಾರಿ ‘ಆಲು’, ‘ಓಗು’ ಆದದ್ದು ಅದೇ ದಾರಿಯ ಮುಂದಿನ ಹೆಜ್ಜೆ. ಮೊದಲನೆಯದನ್ನು ವಿವರಿಸಿದವನಿಗೆ ಅಂಕ ಕೊಟ್ಟು, ಎರಡನೆಯದನ್ನು ಆಡಿದವನನ್ನು ನೋಡಿ ನಗುವುದು ಶಾಸ್ತ್ರವಲ್ಲ, ಪಂಕ್ತಿಭೇದ.

ಆ ಹುಡುಗ ಬರಿಗೈಯಲ್ಲಿ ಬಂದವನೂ ಅಲ್ಲ. ಹಲಗೂರು ಮಂಟೇಸ್ವಾಮಿ ಕಾವ್ಯದಲ್ಲಿ ಹೆಸರಾದ ಊರು. ಇಲ್ಲಿನ ಪಾಂಚಾಳರ ಬಳಿಗೆ ಸಿದ್ಧಪ್ಪಾಜಿ ಕಬ್ಬಿಣದ ಭಿಕ್ಷೆಗೆ ಬಂದ ಕಥೆಯನ್ನು ನೀಲಗಾರರು ತಂಬೂರಿ ಹಿಡಿದು ಇರುಳೆಲ್ಲ ಹಾಡುತ್ತಾರೆ. ಅದನ್ನು ಕೇಳಿ ಬೆಳೆದವನಿಗೆ ಕಥನದ ಸೊಗಸು ಗೊತ್ತು. ಗೊತ್ತಿಲ್ಲದ್ದು ನಮ್ಮ ಪರಿಭಾಷೆ. ಪ್ರಶ್ನೆಪತ್ರಿಕೆಯಲ್ಲಿ ‘ವಿಮರ್ಶಿಸಿ’ ಎಂದಿದ್ದರೆ ಅವನು ಕಥೆಯನ್ನೇ ಬರೆದು ಬರುತ್ತಾನೆ. ವಿಮರ್ಶೆಯೆಂದರೆ ಏನು ಮಾಡಬೇಕೆಂಬುದನ್ನು ಓದುಬರಹದ ಮನೆಯ ಮಕ್ಕಳು ಊಟದ ಎಲೆಯ ಮುಂದೆಯೇ ಕಲಿತಿರುತ್ತಾರೆ. ಇವನು ಅದನ್ನು ಊಹಿಸಿ ತಿಳಿಯಬೇಕು. ವಿಜ್ಞಾನ ಹಿಡಿದವನ ಕಷ್ಟ ಇಮ್ಮಡಿ. ‘ಜಡತ್ವ’ ಎಂದು ಕನ್ನಡದಲ್ಲಿ ಕಲಿತದ್ದೇ ಪಿ.ಯು.ಸಿ.ಯಲ್ಲಿ ಇಂಗ್ಲಿಷ್ ಹೆಸರು ತೊಟ್ಟು ಅಪರಿಚಿತವಾಗಿ ಎದುರು ನಿಲ್ಲುತ್ತದೆ.

ಹಾಗಾದರೆ ಗ್ರಂಥಭಾಷೆ ಬೇಡವೆ? ಬೇಕು. ಬೀದರಿನವನೂ ಹಲಗೂರಿನವನೂ ಒಂದೇ ಪುಟದಲ್ಲಿ ಕೂಡುವುದು ಅದರಿಂದಲೇ. ಅದನ್ನು ಕಲಿಸದೆ, ‘ನಿನ್ನ ಮಾತೇ ಚೆಂದ’ ಎಂದು ಬೆನ್ನು ತಟ್ಟಿ ಕಳಿಸುವುದು ಇನ್ನೊಂದು ಬಗೆಯ ವಂಚನೆ. ಆದರೆ ಕಲಿಕೆ ನಾಚಿಕೆಯಿಂದ ಮೊದಲಾಗಬಾರದು. ಬೆಸಗರಹಳ್ಳಿ ರಾಮಣ್ಣನವರು ಮಂಡ್ಯ ಸೀಮೆಯ ಆಡುಮಾತನ್ನು ಕಥೆಗೆ ತಂದರು. ಚಾಮರಾಜನಗರದ ಕಡೆಯ ನುಡಿಯನ್ನು ಮೈದುಂಬಿಸಿಕೊಂಡ ದೇವನೂರ ಮಹಾದೇವರ ‘ಕುಸುಮಬಾಲೆ’ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಮನೆಯ ಮಾತನ್ನು ಬಿಡದೆ ಗ್ರಂಥದ ಮಾತನ್ನು ಗೆದ್ದವರು ಇವರು.

ಅಧ್ಯಾಪಕರು ಮಾಡಬೇಕಾದದ್ದು ಬಹಳವಲ್ಲ. ವಿದ್ಯಾರ್ಥಿ ಮೊದಲು ಉತ್ತರವನ್ನು ತನ್ನ ಮಾತಿನಲ್ಲಿ ಹೇಳಲಿ. ಬಳಿಕ ಅದನ್ನೇ ಗ್ರಂಥದ ಮಾತಿನಲ್ಲಿ ಬರೆಯಲಿ. ‘ವಿಮರ್ಶಿಸಿ’ ಎಂಬುದಕ್ಕೆ ಒಂದು ಮಾದರಿಯನ್ನು ಎದುರಿಗೇ ಮಾಡಿ ತೋರಿಸೋಣ. ಪಾಲ್, ಹಾಲು, ಆಲು ಮೂರನ್ನೂ ಕರಿಹಲಗೆಯ ಮೇಲೆ ಒಂದೇ ಸಾಲಿನಲ್ಲಿ ಬರೆಯೋಣ. ಹಳಗನ್ನಡವೂ ತನ್ನ ಮನೆತನದ್ದೇ ಎಂದು ಆ ಹುಡುಗನಿಗೆ ಅಂದು ತಿಳಿಯುತ್ತದೆ; ನಕ್ಕವರಿಗೂ ತಿಳಿಯುತ್ತದೆ.